ಒಂದೇ ಹಾರ್ಮೋನು, ಆರು ಲೆಕ್ಕ



ಮಕ್ಕಳ ಹೊರರೋಗಿ ವಿಭಾಗದಲ್ಲಿ ಕೂತವರ ಕಿವಿಗೆ ಮತ್ತೆ ಮತ್ತೆ ಬೀಳುವ ಒಂದು ಮಾತಿದೆ. ಮಗು ಓರಗೆಯವರಿಗಿಂತ ಗಿಡ್ಡ ಉಳಿದಿದೆ ಎಂದು ತಾಯಿ ಕರೆತಂದಿರುತ್ತಾಳೆ. ಜೊತೆಗೆ ಬಂದ ಅಜ್ಜಿ, "ಇವನ ಅಪ್ಪನೂ ಹೀಗೇ ಇದ್ದ ಡಾಕ್ಟ್ರೆ, ಹತ್ತನೇ ಕ್ಲಾಸಿಗೆ ಬಂದ ಮೇಲೆ ಒಂದೇ ಸಲ ಎದ್ದ" ಅನ್ನುತ್ತಾರೆ. ಎಷ್ಟೋ ಸಲ ಅಜ್ಜಿಯ ಮಾತೇ ಸರಿ. ತಡವಾಗಿ ಬೆಳೆಯುವುದು ಕೆಲವು ಮನೆತನಗಳ ಸ್ವಭಾವ, ಅದಕ್ಕೆ ಔಷಧಿ ಬೇಡ. ಆದರೆ ನೂರಾರು ಮಕ್ಕಳ ನಡುವೆ ಒಂದು ಮಗುವಿನ ವಿಷಯದಲ್ಲಿ ಆ ಮಾತು ಸುಳ್ಳಾಗುತ್ತದೆ. ಆ ಮಗುವಿಗೆ ಕೊಡಬಹುದಾದ ಔಷಧಿಯ ಬಗ್ಗೆ, ಅದರ ಬೆಲೆಯ ಬಗ್ಗೆ, ಬೆಲೆಗೆ ತಕ್ಕ ಫಲ ಸಿಗುತ್ತದೆಯೆ ಎಂದು ಒಂದು ದೇಶ ಕೂತು ಲೆಕ್ಕ ಹಾಕಿದ ಬಗೆಯ ಬಗ್ಗೆ ಇವತ್ತು ಮಾತಾಡುತ್ತೇನೆ. ಔಷಧಿಯ ಹೆಸರು ಸೊಮಾಟ್ರೋಪಿನ್. ಪ್ರಯೋಗಾಲಯದಲ್ಲಿ ತಯಾರಾದ ಮನುಷ್ಯನ ಬೆಳವಣಿಗೆ ಹಾರ್ಮೋನು.

ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಬೆಳವಣಿಗೆ ಹಾರ್ಮೋನು ಅಲ್ಲಿಂದ ಸ್ರವಿಸುತ್ತದೆ, ಹೆಚ್ಚಾಗಿ ಗಾಢ ನಿದ್ದೆಯಲ್ಲಿ. 191 ಅಮೈನೋ ಆಮ್ಲಗಳ ಒಂದು ಸರಪಳಿ ಅದು. ದನದ ಅಥವಾ ಹಂದಿಯ ಹಾರ್ಮೋನು ಮನುಷ್ಯನಲ್ಲಿ ಕೆಲಸ ಮಾಡುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಪ್ರಾಣಿಗಳ ಇನ್ಸುಲಿನ್ ದಶಕಗಳ ಕಾಲ ಒದಗಿತು, ಈ ಮಕ್ಕಳಿಗೆ ಅಂಥ ದಾರಿ ಇರಲಿಲ್ಲ. 1956ರಲ್ಲಿ ಚೋ ಹಾವೊ ಲಿ ಮತ್ತು ಪ್ಯಾಪ್‌ಕಾಫ್ ಮನುಷ್ಯರ ಗ್ರಂಥಿಯಿಂದ ಈ ಹಾರ್ಮೋನನ್ನು ಬೇರ್ಪಡಿಸಿದರು. 1958ರಲ್ಲಿ ಮಾರಿಸ್ ರೇಬೆನ್ ಎಂಬ ಅಮೆರಿಕದ ವೈದ್ಯರು ಅದನ್ನು ಕೊಟ್ಟು ಒಬ್ಬ ಹುಡುಗನನ್ನು ಬೆಳೆಸಿದ ವರದಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಕಾಲು ಶತಮಾನ ಈ ಔಷಧಿಯ ಏಕೈಕ ಮೂಲ ಶವಗಳು. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಗ್ರಂಥಿಗಳನ್ನು ಕೂಡಿಹಾಕಿ, ಅರೆದು, ಶೋಧಿಸಿ ಮಕ್ಕಳಿಗೆ ಚುಚ್ಚುತ್ತಿದ್ದರು. ಸಿಗುತ್ತಿದ್ದುದು ಅಷ್ಟಿಷ್ಟು. ತೀರಾ ಕೊರತೆಯಿರುವ ಮಕ್ಕಳಿಗೆ ಮಾತ್ರ, ಸರದಿಯ ಪ್ರಕಾರ.

1985ರಲ್ಲಿ ಆ ಅಧ್ಯಾಯ ದುಃಖದಲ್ಲಿ ಮುಗಿಯಿತು. ಚಿಕ್ಕಂದಿನಲ್ಲಿ ಈ ಇಂಜೆಕ್ಷನ್ ಪಡೆದು ಬೆಳೆದ ಕೆಲವು ಯುವಕರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ, ಮಿದುಳನ್ನೇ ಕರಗಿಸುವ ಕಾಯಿಲೆಯಿಂದ ಸತ್ತರು. ಸೋಂಕು ಆ ಗ್ರಂಥಿಗಳಲ್ಲಿತ್ತು. ಅಮೆರಿಕ, ಬ್ರಿಟನ್ ಎರಡೂ ಕೂಡಲೇ ಶವಮೂಲದ ಹಾರ್ಮೋನನ್ನು ನಿಲ್ಲಿಸಿದವು. ಸೋಂಕು ಮೈಯಲ್ಲಿ ದಶಕಗಟ್ಟಲೆ ಅಡಗಿರಬಲ್ಲದು. ಹಾಗಾಗಿ ಸಾವುಗಳು ಆಮೇಲೂ ನಿಲ್ಲಲಿಲ್ಲ, ಫ್ರಾನ್ಸ್ ಒಂದರಲ್ಲೇ ನೂರು ದಾಟಿದವು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಕಂಪನಿಯ ವಿಜ್ಞಾನಿಗಳು ಮನುಷ್ಯನ ಹಾರ್ಮೋನಿನ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಕೂರಿಸಿ ಹಾರ್ಮೋನು ತಯಾರಿಸಲು ಕಲಿತಿದ್ದರು. 1985ರ ಅಕ್ಟೋಬರಿನಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ವಿದ್ಯಾರ್ಥಿಗಳಿಗೆ ನಾನು ಈ ಇತಿಹಾಸವನ್ನು ಬಿಡದೆ ಹೇಳುತ್ತೇನೆ. ಇವತ್ತು ಪೆನ್ನಿನಂಥ ಸಾಧನದಲ್ಲಿ ಬರುವ ಈ ಶುದ್ಧ ದ್ರವದ ಹಿಂದೆ ಆ ಯುವಕರ ಸಾವಿದೆ.

ಬ್ಯಾಕ್ಟೀರಿಯಾಕ್ಕೆ ಸರದಿ ಗೊತ್ತಿಲ್ಲ. ಎಷ್ಟು ಬೇಕಾದರೂ ತಯಾರಿಸಬಹುದು ಎಂದಾದ ಮೇಲೆ, ಯಾರಿಗೆ ಕೊಡಬೇಕು ಎಂಬ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಮೊದಲು ಹಾರ್ಮೋನು ಕೊರತೆಯ ಮಕ್ಕಳಿಗೆ ಮಾತ್ರ ಇತ್ತು. ಅಮೆರಿಕದಲ್ಲಿ 1993ರಲ್ಲಿ ಮೂತ್ರಪಿಂಡ ಸೋತ ಮಕ್ಕಳು ಸೇರಿದರು, 1996ರಲ್ಲಿ ಟರ್ನರ್ ಸಿಂಡ್ರೋಮಿನ ಹುಡುಗಿಯರು, 2000ದಲ್ಲಿ ಪ್ರಾಡರ್-ವಿಲ್ಲಿ ಸಿಂಡ್ರೋಮಿನ ಮಕ್ಕಳು, 2001ರಲ್ಲಿ ಹುಟ್ಟುವಾಗಲೇ ತೀರಾ ಚಿಕ್ಕದಾಗಿದ್ದು ಆಮೇಲೂ ಬೆಳೆಯದವರು, 2006ರಲ್ಲಿ ಶಾಕ್ಸ್ ಎಂಬ ಜೀನಿನ ಕೊರತೆಯವರು. ಇವರಲ್ಲಿ ಬಹಳ ಮಕ್ಕಳ ಮೈಯಲ್ಲಿ ಹಾರ್ಮೋನಿನ ಕೊರತೆ ಇಲ್ಲ. ಇರುವ ಹಾರ್ಮೋನಿಗೆ ಮೈ ಸರಿಯಾಗಿ ಓಗೊಡುವುದಿಲ್ಲ, ಅಥವಾ ಎಲುಬಿನ ಬೆಳವಣಿಗೆಗೆ ಬೇರೆ ಅಡ್ಡಿ ಇದೆ. ಹೊರಗಿನಿಂದ ಹೆಚ್ಚು ಕೊಟ್ಟು ಆ ಅಡ್ಡಿಯನ್ನು ದಾಟಿಸುವ ಪ್ರಯತ್ನ ಇದು. ಹೆಚ್ಚು ಅಂದರೆ ಎಷ್ಟು? ಕೊರತೆಯ ಮಗುವಿಗೆ ದಿನಕ್ಕೆ ಮೈತೂಕದ ಕಿಲೋಗೆ 23ರಿಂದ 39 ಮೈಕ್ರೋಗ್ರಾಂ. ಟರ್ನರ್ ಹುಡುಗಿಗೆ 45ರಿಂದ 50.

ಬ್ರಿಟನ್ನಿನಲ್ಲಿ ಔಷಧಿಯ ದುಡ್ಡನ್ನು ಮನೆಯವರು ಕೊಡುವುದಿಲ್ಲ, ಜನರ ತೆರಿಗೆಯಿಂದ ನಡೆಯುವ ರಾಷ್ಟ್ರೀಯ ಆರೋಗ್ಯ ಸೇವೆ ಕೊಡುತ್ತದೆ. ಆ ದುಡ್ಡು ಎಲ್ಲಿ ಹೋಗಬೇಕೆಂದು ಸಲಹೆ ಕೊಡಲು 1999ರಲ್ಲಿ ನೈಸ್ ಎಂಬ ಸಂಸ್ಥೆ ಹುಟ್ಟಿತು. ಈ ಹಾರ್ಮೋನಿನ ಬಗ್ಗೆ 2002ರಲ್ಲಿ ಅದು ಒಮ್ಮೆ ಸಲಹೆ ಕೊಟ್ಟಿತ್ತು. ಹೊಸ ಕಾಯಿಲೆಗಳು ಸೇರಿದ ಮೇಲೆ ಮತ್ತೆ ಪರಿಶೀಲನೆಗೆ ಕೂತಿತು. ಸೌತಾಂಪ್ಟನ್ನಿನ ತಂಡವೊಂದು ಜಗತ್ತಿನಾದ್ಯಂತ ನಡೆದ ಪ್ರಯೋಗಗಳನ್ನು ಜಾಲಾಡಿ, ಲಾಟರಿಯ ಹಾಗೆ ಗುಂಪು ವಿಂಗಡಿಸಿ ನಡೆಸಿದ 28 ಪ್ರಯೋಗಗಳನ್ನು ಆರಿಸಿಕೊಂಡಿತು. ಆರು ಕಾಯಿಲೆಗಳಿಗೆ ಆರು ಬೇರೆ ಲೆಕ್ಕ ಹಾಕಿತು. 2010ರಲ್ಲಿ ಆ ವರದಿ ಬಂತು. ಈ ಕ್ಷೇತ್ರದಲ್ಲಿ ನಾನು ಓದಿದ ಪ್ರಾಮಾಣಿಕ ಬರಹಗಳಲ್ಲಿ ಅದೂ ಒಂದು.

ಮೊದಲು ಬೆಳವಣಿಗೆಯ ಲೆಕ್ಕ. ಹಾರ್ಮೋನು ಕೊರತೆಯ ಮಕ್ಕಳು ಔಷಧಿ ಇಲ್ಲದವರಿಗಿಂತ ವರ್ಷಕ್ಕೆ 2.7 ಸೆಂಟಿಮೀಟರ್ ಹೆಚ್ಚು ಬೆಳೆದರು. ಟರ್ನರ್ ಸಿಂಡ್ರೋಮಿನ ಒಂದು ಅಧ್ಯಯನದಲ್ಲಿ ಹುಡುಗಿಯರು ಸರಾಸರಿ 9.3 ಸೆಂಟಿಮೀಟರ್ ಹೆಚ್ಚು ಬೆಳೆದರು. ಪ್ರಾಡರ್-ವಿಲ್ಲಿ ಶಿಶುಗಳಲ್ಲಿ ಒಂದೇ ವರ್ಷಕ್ಕೆ 6.2, ಮೂತ್ರಪಿಂಡದ ಕಾಯಿಲೆಯವರಲ್ಲಿ ವರ್ಷಕ್ಕೆ 3.6, ಶಾಕ್ಸ್ ಕೊರತೆಯಲ್ಲಿ ಎರಡು ವರ್ಷಕ್ಕೆ ಸುಮಾರು 6. ಚಿಕ್ಕದಾಗಿ ಹುಟ್ಟಿದವರು ದೊಡ್ಡವರಾದಾಗ ಸುಮಾರು 4 ಸೆಂಟಿಮೀಟರ್ ಎತ್ತರ ಗಳಿಸಿದ್ದರು. ಅಂದರೆ ಆರರಲ್ಲೂ ಔಷಧಿ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇಲ್ಲಿ ಒಂದು ವಿಷಯ ಗಮನಿಸಬೇಕು. ಯಾವ ಕಾಯಿಲೆಯಲ್ಲಿ ಔಷಧಿ ಅತ್ಯಂತ ಅಗತ್ಯವೋ ಆ ಹಾರ್ಮೋನು ಕೊರತೆಯಲ್ಲೇ ದೀರ್ಘಕಾಲದ ಪ್ರಯೋಗಗಳಿಲ್ಲ. ಕೊರತೆ ಖಚಿತವಾದ ಮಗುವಿಗೆ ಹತ್ತು ವರ್ಷ ಔಷಧಿ ಕೊಡದೆ ಹೋಲಿಕೆಗೆ ಕೂರಿಸುವ ವೈದ್ಯ ಯಾರು? ಪುರಾವೆ ತೆಳುವಾಗಿದ್ದರೆ ಅದಕ್ಕೆ ಇಂಥ ಮಾನವೀಯ ಕಾರಣವೂ ಇರಬಹುದು.

ಇನ್ನು ದುಡ್ಡಿನ ಲೆಕ್ಕ. ಆಗ ಬ್ರಿಟನ್ನಿನಲ್ಲಿ ಹಲವು ಬ್ರಾಂಡುಗಳ ದರ ಮಿಲಿಗ್ರಾಂಗೆ 23 ಪೌಂಡಿನ ಆಸುಪಾಸಿತ್ತು. 20 ಕಿಲೋ ತೂಗುವ ಮಗುವಿಗೆ ಕಿಲೋಗೆ 30 ಮೈಕ್ರೋಗ್ರಾಂನಂತೆ ದಿನಕ್ಕೆ 0.6 ಮಿಲಿಗ್ರಾಂ ಬೇಕು. ವರ್ಷಕ್ಕೆ ಸುಮಾರು 5 ಸಾವಿರ ಪೌಂಡ್ ಆಯಿತು. ಅಷ್ಟೇ ತೂಕದ ಟರ್ನರ್ ಹುಡುಗಿಗೆ ದಿನಕ್ಕೆ 1 ಮಿಲಿಗ್ರಾಂ, ವರ್ಷಕ್ಕೆ 8 ಸಾವಿರ ದಾಟಿತು. ಮಗು 40 ಕಿಲೋ ಆದಾಗ ಎರಡೂ ಇಮ್ಮಡಿ. ಹೀಗೆ ಎಂಟು ಹತ್ತು ವರ್ಷ. ಇದರಲ್ಲೇ ಒಂದು ತಿಳಿವಳಿಕೆ ಅಡಗಿದೆ: ಮಗು ಹಗುರವಿರುವಾಗ ಕೊಟ್ಟ ಒಂದು ವರ್ಷದ ಔಷಧಿ ಅಗ್ಗ, ಫಲವೂ ಆಗಲೇ ಹೆಚ್ಚು. ತಡವಾಗಿ ಬಂದ ಮಗುವಿಗೆ ಖರ್ಚು ಜಾಸ್ತಿ, ಗಳಿಕೆ ಕಡಿಮೆ.

ಖರ್ಚಿಗೆ ಎದುರಾಗಿ ತೂಗಲು ನೈಸ್ ಬಳಸುವ ಬಟ್ಟನ್ನು ಕ್ವಾಲಿ ಎನ್ನುತ್ತಾರೆ. ಗುಣಮಟ್ಟ ಸೇರಿಸಿ ಎಣಿಸಿದ ಬದುಕಿನ ಒಂದು ವರ್ಷ. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 1, ಸಾವಿಗೆ 0. ನರಳಾಟದಲ್ಲಿ ಕಳೆದ ವರ್ಷ ಅರ್ಧವೋ ಮುಕ್ಕಾಲೋ ಆಗುತ್ತದೆ. ಒಂದು ಔಷಧಿ ಇಂಥ ಒಂದು ಪೂರ್ಣ ವರ್ಷವನ್ನು 20 ಸಾವಿರದಿಂದ 30 ಸಾವಿರ ಪೌಂಡಿನೊಳಗೆ ಕೊಟ್ಟರೆ ನೈಸ್ ಆ ದಿನಗಳಲ್ಲಿ ಸಾಮಾನ್ಯವಾಗಿ ಒಪ್ಪುತ್ತಿತ್ತು. ನಮ್ಮ ಹಾರ್ಮೋನಿಗೆ ಬಂದ ಉತ್ತರ ಹೀಗಿತ್ತು: ಹಾರ್ಮೋನು ಕೊರತೆಗೆ 23,196 ಪೌಂಡ್. ಚಿಕ್ಕದಾಗಿ ಹುಟ್ಟಿದವರಿಗೆ 33,079. ಮೂತ್ರಪಿಂಡದವರಿಗೆ 39,273. ಟರ್ನರ್‌ಗೆ 39,460. ಶಾಕ್ಸ್ ಕೊರತೆಗೆ 40,531. ಪ್ರಾಡರ್-ವಿಲ್ಲಿಗೆ 1,35,311.

ಈ ಅಂಕಿಗಳನ್ನು ಹಾಗೇ ಓದಿದರೆ ಕೊರತೆಯ ಮಕ್ಕಳು ಪಾಸು, ಉಳಿದವರು ಫೇಲು, ಪ್ರಾಡರ್-ವಿಲ್ಲಿಯವರು ಹತ್ತಿರಕ್ಕೂ ಬರಲಿಲ್ಲ ಎನಿಸುತ್ತದೆ. ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಈ ಉಪನ್ಯಾಸದಲ್ಲಿ ನನಗೆ ಹೇಳಲಿರುವುದೆಲ್ಲ ಇಲ್ಲೇ ಇದೆ.

ಮೊದಲನೆಯದು ಅಳತೆಯ ವಿಷಯ. ಎತ್ತರ ಹೆಚ್ಚಿದರೆ ಬದುಕಿನ ಗುಣಮಟ್ಟ ಎಷ್ಟು ಹೆಚ್ಚುತ್ತದೆ ಎಂದು ಅಳೆದದ್ದು ಹೇಗೆ? ಈ ಮಕ್ಕಳನ್ನು ಕೇಳಿ ಅಲ್ಲ. 2003ರಲ್ಲಿ ಇಂಗ್ಲೆಂಡಿನ ಸಾಮಾನ್ಯ ಜನರಲ್ಲಿ ನಡೆದ ಆರೋಗ್ಯ ಸಮೀಕ್ಷೆಯಲ್ಲಿ 14 ಸಾವಿರಕ್ಕೂ ಹೆಚ್ಚು ವಯಸ್ಕರ ಎತ್ತರವನ್ನೂ ಐದು ಪ್ರಶ್ನೆಗಳ ಒಂದು ನಮೂನೆಯಲ್ಲಿ ಅವರು ತಮ್ಮ ಆರೋಗ್ಯದ ಬಗ್ಗೆ ಕೊಟ್ಟ ಉತ್ತರಗಳನ್ನೂ ತಾಳೆ ಹಾಕಿದ್ದರು. ತೀರಾ ಗಿಡ್ಡವಿರುವವರ ಅಂಕ ಕಡಿಮೆ ಇತ್ತು. ಆ ವ್ಯತ್ಯಾಸವನ್ನು ತಂದು ಈ ಆರು ಕಾಯಿಲೆಗಳ ಲೆಕ್ಕದಲ್ಲಿ ಇಟ್ಟರು. ಬೇರೆ ಮಾಹಿತಿ ಇಲ್ಲದಾಗ ಅದು ತಪ್ಪಲ್ಲ, ಲೆಕ್ಕ ಹಾಕಿದವರು ಅದರ ಮಿತಿಯನ್ನೂ ಬರೆದಿದ್ದಾರೆ. ಆದರೆ ಆರೋಗ್ಯವಾಗಿದ್ದು ಗಿಡ್ಡವಿರುವ ಇಂಗ್ಲಿಷ್ ಗೃಹಸ್ಥನ ಬದುಕೂ ಟರ್ನರ್ ಸಿಂಡ್ರೋಮಿನ ಹುಡುಗಿಯ ಬದುಕೂ ಒಂದೇ ಅಲ್ಲ. ಅವಳ ಜೀವಕೋಶಗಳಲ್ಲಿ ಒಂದು ಎಕ್ಸ್ ವರ್ಣತಂತು ಪೂರ್ತಿಯಾಗಿಯೋ ಭಾಗಶಃವೋ ಇಲ್ಲ. ಅವಳಿಗೆ ಹೃದಯದ ತೊಂದರೆ ಇರಬಹುದು, ಮೈನೆರೆಯುವುದಕ್ಕೂ ಬೇರೆ ಹಾರ್ಮೋನು ಬೇಕು. ಔಷಧಿಯಿಲ್ಲದೆ ಬೆಳೆದರೆ ಅವಳು ತನ್ನೂರಿನ ಹೆಣ್ಣುಮಕ್ಕಳಿಗಿಂತ ಸುಮಾರು 20 ಸೆಂಟಿಮೀಟರ್ ಗಿಡ್ಡವಾಗುತ್ತಾಳೆ. ಬಸ್ಸಿನ ಮೇಲಿನ ಕಂಬಿ ಕೈಗೆ ಸಿಗುವುದು, ಬ್ಯಾಂಕಿನ ಕೌಂಟರಿನ ಮೇಲೆ ಮುಖ ಕಾಣುವುದು, 25 ವರ್ಷದವಳನ್ನು "ಏನು ಪುಟ್ಟಿ" ಎಂದು ಯಾರೂ ಕರೆಯದಿರುವುದು: ಐದು ಪ್ರಶ್ನೆಗಳ ಆ ನಮೂನೆಯಲ್ಲಿ ಇವಕ್ಕೆ ಜಾಗವಿಲ್ಲ.

ಎರಡನೆಯದು ಕಾಲದ ವಿಷಯ. ಖರ್ಚು ಬಾಲ್ಯದಲ್ಲಿ, ಫಲ ವಯಸ್ಕ ಬದುಕಿನಲ್ಲಿ. ಮುಂದೆ ಬರುವ ಫಲವನ್ನು ವರ್ಷಕ್ಕೆ ಶೇಕಡಾ 3.5 ಕಡಿತ ಮಾಡಿ ಎಣಿಸುವುದು ಅಲ್ಲಿನ ನಿಯಮ, ಬಡ್ಡಿ ಲೆಕ್ಕದ ತಿರುವುಮುರುವು. ಹಾಗೆ ಎಣಿಸಿದರೆ 20 ವರ್ಷದ ಆಚೆ ಸಿಗುವ ಒಂದು ಕ್ವಾಲಿಯ ಇವತ್ತಿನ ಬೆಲೆ ಅರ್ಧ ಮಾತ್ರ. ಮುದುಕರ ಔಷಧಿಗೆ ಈ ಪೆಟ್ಟು ಬೀಳುವುದಿಲ್ಲ, ಫಲ ಕೂಡಲೇ ಸಿಗುತ್ತದಲ್ಲ. ಮಕ್ಕಳ ಔಷಧಿಗೆ ಪೂರ್ತಿ ಬೀಳುತ್ತದೆ.

ಮೂರನೆಯದು ಪ್ರಾಡರ್-ವಿಲ್ಲಿ. ಹದಿನೈದನೇ ವರ್ಣತಂತುವಿನ ಒಂದು ತುಣುಕು ಕೆಲಸ ಮಾಡದೆ ಹೋದಾಗ ಬರುವ ಕಾಯಿಲೆ. ಹುಟ್ಟಿದಾಗ ಮಗು ಬಟ್ಟೆಯ ಗೊಂಬೆಯ ಹಾಗೆ ಸಡಿಲ, ಮೊಲೆ ಚೀಪಲೂ ಶಕ್ತಿಯಿಲ್ಲ. ಕೆಲವು ವರ್ಷ ಕಳೆದ ಮೇಲೆ ಎಂದೂ ತೀರದ ಹಸಿವು ಶುರುವಾಗುತ್ತದೆ. ಅಡುಗೆಮನೆಗೆ ಬೀಗ ಹಾಕಿ, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡು ಓಡಾಡುವ ತಾಯಂದಿರನ್ನು ನಾನು ಕಂಡಿದ್ದೇನೆ. ಈ ಮಗುವಿಗೆ ಹಾರ್ಮೋನು ಕೊಡುವುದು ಮುಖ್ಯವಾಗಿ ಎತ್ತರಕ್ಕಲ್ಲ. ಕೊಬ್ಬು ಇಳಿದು ಮಾಂಸಖಂಡ ಬಲಿಯಲಿ, ಮಗು ಎದ್ದು ನಡೆಯಲಿ, ಉಸಿರಾಟದ ಸ್ನಾಯುಗಳಿಗೆ ಕಸುವು ಬರಲಿ ಎಂದು. ಎತ್ತರದ ಅಳತೆಪಟ್ಟಿಯಿಂದ ಅಳೆದರೆ ಇದರ ಬೆಲೆ ವಿಪರೀತವಾಗಿ ಕಾಣುವುದು ಸಹಜ. ಆ ವರದಿಯಲ್ಲೇ ಇದಕ್ಕೆ ಸಾಕ್ಷಿಯಿದೆ. ಮೈಯ ಕೊಬ್ಬು ಮತ್ತು ತೂಕದಲ್ಲಿ ಆಗುವ ಸುಧಾರಣೆ ಜೀವನಪೂರ್ತಿ ಉಳಿಯುತ್ತದೆ ಎಂದು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗ 1,35,311 ಇದ್ದದ್ದು ಸುಮಾರು 55 ಸಾವಿರಕ್ಕೆ ಇಳಿಯಿತು. ಮಗುವೂ ಅದೇ, ಔಷಧಿಯೂ ಅದೇ. ಯಾವುದನ್ನು ಫಲ ಎಂದು ಎಣಿಸಿದೆವು ಎಂಬುದೊಂದೇ ಬದಲಾಯಿತು.

ನೈಸ್ ಕೊನೆಗೆ ಏನು ಮಾಡಿತು? 2010ರ ಮೇ ತಿಂಗಳಲ್ಲಿ ಆರೂ ಕಾಯಿಲೆಗಳಿಗೆ ಔಷಧಿ ಕೊಡಬಹುದು ಎಂದಿತು. ಅಂಕಿಗಳನ್ನು ಮುಂದಿಟ್ಟುಕೊಂಡು, ಅವು ಹೇಳದ್ದನ್ನೂ ಕೇಳಿಸಿಕೊಂಡು ಕೊಟ್ಟ ತೀರ್ಮಾನ ಅದು. ಆದರೆ ಬಾಗಿಲನ್ನು ಹಾರುಹೊಡೆದು ಬಿಡಲಿಲ್ಲ. ಮೊದಲ ವರ್ಷದಲ್ಲಿ ಬೆಳವಣಿಗೆಯ ವೇಗ ಮೊದಲಿಗಿಂತ ಅರ್ಧದಷ್ಟಾದರೂ ಹೆಚ್ಚದಿದ್ದರೆ ನಿಲ್ಲಿಸಿ. ಮಗು ಅಂತಿಮ ಎತ್ತರದ ಹತ್ತಿರ ಬಂದು ವರ್ಷಕ್ಕೆ 2 ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುತ್ತಿದ್ದರೆ ನಿಲ್ಲಿಸಿ. ಇಂಜೆಕ್ಷನ್ ತಪ್ಪಿಸುವುದೇ ಆಗಿ, ಅದಕ್ಕೆ ಪರಿಹಾರವೇ ಇಲ್ಲ ಎನಿಸಿದರೆ ನಿಲ್ಲಿಸಿ. ಪ್ರಾಡರ್-ವಿಲ್ಲಿಯಲ್ಲಿ ಮಾತ್ರ ಎತ್ತರದ ಜೊತೆ ಮೈಕಟ್ಟನ್ನೂ ನೋಡಿ ನಿರ್ಧರಿಸಿ. ಒಂದಕ್ಕಿಂತ ಹೆಚ್ಚು ಬ್ರಾಂಡುಗಳು ಸರಿಹೊಂದುವುದಾದರೆ ಅಗ್ಗದ್ದನ್ನೇ ಆರಿಸಿ. ನನ್ನ ದೃಷ್ಟಿಯಲ್ಲಿ ಆ ಇಡೀ ದಾಖಲೆಯ ತಿರುಳು ಈ ನಿಲ್ಲಿಸುವ ನಿಯಮಗಳು. ನಮ್ಮಲ್ಲಿ ಔಷಧಿ ಶುರು ಮಾಡುವುದನ್ನು ಕಲಿಸುತ್ತೇವೆ. ಫಲ ಕೊಡದ ಔಷಧಿಯನ್ನು ತಂದೆ ತಾಯಿಗಳ ಎದುರು ಕೂತು, ಸಮಾಧಾನವಾಗಿ ವಿವರಿಸಿ ನಿಲ್ಲಿಸುವುದನ್ನು ಎಷ್ಟು ಕಡೆ ಕಲಿಸುತ್ತೇವೆ? ಸಾಲ ಮಾಡಿ ತಂದ ಇಂಜೆಕ್ಷನ್ ಎರಡನೇ ವರ್ಷವೂ ಕೆಲಸ ಮಾಡದೆ ಮುಂದುವರಿದರೆ ಆ ಮನೆಗೆ ಆದದ್ದು ಅನ್ಯಾಯವೇ.

ಇನ್ನೊಂದು ಗುಂಪಿದೆ, ನೈಸ್ ಪಟ್ಟಿಯಲ್ಲಿ ಇಲ್ಲದ್ದು. ಯಾವ ಕಾಯಿಲೆಯೂ ಇಲ್ಲ, ಪರೀಕ್ಷೆಗಳೆಲ್ಲ ಸರಿ, ಮಗು ಗಿಡ್ಡ ಅಷ್ಟೆ. ಅಮೆರಿಕ 2003ರಲ್ಲಿ ಇಂಥವರಿಗೂ ಅನುಮತಿ ಕೊಟ್ಟಿತು. 2006ರಲ್ಲಿ ಅಲ್ಲಿನವರೇ ಲೆಕ್ಕ ಹಾಕಿ, ಹತ್ತು ವರ್ಷದ ಹುಡುಗನಿಗೆ ಐದು ವರ್ಷ ಕೊಟ್ಟರೆ ಎರಡು ಇಂಚಿಗೆ ಸ್ವಲ್ಪ ಕಡಿಮೆ ಗಳಿಕೆ, ಇಂಚಿಗೆ 52 ಸಾವಿರ ಡಾಲರಿಗೂ ಹೆಚ್ಚು ಖರ್ಚು ಎಂದು ತೋರಿಸಿದರು. ಬೆಂಗಳೂರಿನ ಕೆಲವು ಮನೆಗಳಲ್ಲಿ ಈಗ ಈ ಬೇಡಿಕೆ ಕೇಳಿಬರುತ್ತಿದೆ. ಆರೋಗ್ಯವಾಗಿರುವ ಮಗುವಿಗೆ ಪ್ರತಿ ರಾತ್ರಿ ಸೂಜಿ ಚುಚ್ಚಿ, ನಿನ್ನಲ್ಲಿ ಏನೋ ಕೊರತೆ ಇದೆ ಎಂದು ವರ್ಷಗಟ್ಟಲೆ ಹೇಳಿದಂತಾಗುತ್ತದೆ. ನಾನು ಇದನ್ನು ಒಪ್ಪುವುದಿಲ್ಲ, ಬೇಡ ಎಂದೇ ಹೇಳಿ ಕಳಿಸುತ್ತೇನೆ.

ಬ್ರಿಟನ್ನಿನ ಅಂಕಿಗಳನ್ನು ತಂದು ಇಲ್ಲಿ ಅಂಟಿಸಲು ಬರುವುದಿಲ್ಲ. ಪೌಂಡನ್ನು ರೂಪಾಯಿಗೆ ತಿರುಗಿಸಿದರೆ ನಮ್ಮ ಉತ್ತರ ಸಿಗುವುದಿಲ್ಲ. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಖರ್ಚು ಹೊರುವುದು ಅಪ್ಪನ ಸಂಬಳ ಇಲ್ಲವೆ ಅಮ್ಮನ ಒಡವೆ. ಕಡಿಮೆ ತೂಕದಲ್ಲಿ ಹುಟ್ಟುವ ಮಕ್ಕಳು ನಮ್ಮಲ್ಲಿ ಬಹಳ. ಚಿಕ್ಕದಾಗಿ ಹುಟ್ಟಿದವರಲ್ಲಿ ಹೆಚ್ಚಿನವರು ಎರಡು ವರ್ಷದೊಳಗೆ ತಾವಾಗಿಯೇ ಬೆಳವಣಿಗೆಯಲ್ಲಿ ಓರಗೆಯವರನ್ನು ಹಿಡಿಯುತ್ತಾರೆ. ಹಿಡಿಯದವರಿಗೆ ಹಾರ್ಮೋನಿಗಿಂತ ಮೊದಲು ಮೊಟ್ಟೆ, ಹಾಲು, ಬೇಳೆ ಸಿಗುತ್ತಿದೆಯೆ ಎಂದು ನೋಡಬೇಕು. ಥೈರಾಯ್ಡ್ ಕೊರತೆಯಿಂದ ಬೆಳವಣಿಗೆ ನಿಂತ ಮಗುವಿಗೆ ದಿನಕ್ಕೊಂದು ಅಗ್ಗದ ಮಾತ್ರೆ ಸಾಕು. ಗೋಧಿ ಒಗ್ಗದೆ ಕರುಳು ಕೆಟ್ಟ ಮಗುವಿಗೆ ಗೋಧಿ, ಬಾರ್ಲಿಯಂಥ ಧಾನ್ಯಗಳನ್ನು ಬಿಡಿಸಿದರೆ ಸಾಕು. ಇವನ್ನೆಲ್ಲ ನೋಡದೆ ದುಬಾರಿ ಪೆನ್ನು ಬರೆದುಕೊಡುವುದು ವೈದ್ಯಕೀಯವಲ್ಲ.

ಆದರೂ ಬಾಗಿಲು ಮುಚ್ಚಿಲ್ಲ. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿ ಖಚಿತವಾದ ಹಾರ್ಮೋನು ಕೊರತೆ, ಟರ್ನರ್, ಪ್ರಾಡರ್-ವಿಲ್ಲಿ, ನೂನನ್ ಸಿಂಡ್ರೋಮುಗಳಿಗೆ ಕೊಡುವ ಬೆಳವಣಿಗೆ ಹಾರ್ಮೋನನ್ನು ತನ್ನ ಎರಡನೇ ಗುಂಪಿನಲ್ಲಿ ಹೆಸರಿಸಿದೆ. ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುವ ರೋಗಿಗೆ ಸಿಗಬಹುದಾದ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಜೊತೆಯಾಗಿ ಅಂಥ ಕೇಂದ್ರವಾಗಿವೆ. ರಾಯಚೂರಿನ, ಚಾಮರಾಜನಗರದ ಮಕ್ಕಳ ವೈದ್ಯರು ಈ ವಿಳಾಸವನ್ನು ಮೇಜಿನ ಗಾಜಿನಡಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಆರೋಗ್ಯ ತಂತ್ರಜ್ಞಾನಗಳ ಬೆಲೆ ಮತ್ತು ಫಲ ತೂಗಲು ನಮ್ಮ ದೇಶದಲ್ಲೂ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ 2017ರಿಂದ ಒಂದು ವ್ಯವಸ್ಥೆ ಇದೆ. ಈ ಹಾರ್ಮೋನಿನ ಲೆಕ್ಕವನ್ನು ನಮ್ಮ ಮಕ್ಕಳಿಗಾಗಿ, ಒಂದೊಂದು ಕಾಯಿಲೆಗೂ ಬೇರೆಯಾಗಿ ಹಾಕಬೇಕು. ಹಾಕುವಾಗ ಟರ್ನರ್ ಹುಡುಗಿಯರನ್ನೇ ಕರೆದು ಕೇಳಬೇಕು, ಪ್ರಾಡರ್-ವಿಲ್ಲಿ ಮಕ್ಕಳ ತಾಯಂದಿರನ್ನು ಕೇಳಬೇಕು.

ಬೆಲೆಯೂ ಕಲ್ಲಿನ ಮೇಲೆ ಬರೆದದ್ದಲ್ಲ. 2006ರಲ್ಲಿ ಯುರೋಪು ಮೊದಲ ಬಾರಿಗೆ ಜೈವಿಕ ಔಷಧಿಯೊಂದರ ಅಗ್ಗದ ಸಮಾನ ರೂಪಕ್ಕೆ ಅನುಮತಿ ಕೊಟ್ಟಾಗ ಆ ಔಷಧಿ ಇದೇ ಸೊಮಾಟ್ರೋಪಿನ್ ಆಗಿತ್ತು. ಈಗ ವಾರಕ್ಕೊಮ್ಮೆ ಚುಚ್ಚುವ ರೂಪಗಳು ಬಂದಿವೆ, 2023ರಲ್ಲಿ ನೈಸ್ ಅಂಥ ಒಂದನ್ನು ಒಪ್ಪಿದೆ. ವರ್ಷಕ್ಕೆ 365 ಸೂಜಿಯ ಬದಲು 52 ಎಂದರೆ ಮಗುವಿಗೆ ಅದು ಎಷ್ಟು ದೊಡ್ಡದೆಂದು ಸೂಜಿ ಹಿಡಿದ ತಾಯಿಗೆ ಗೊತ್ತು.

ಇಷ್ಟೆಲ್ಲ ಲೆಕ್ಕದ ಬುಡದಲ್ಲಿರುವ ಅಳತೆಗೆ ಮಾತ್ರ ಒಂದು ಪೈಸೆಯೂ ಬೇಡ. ತಂದೆ ತಾಯಿಗಳಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ, ಅಂಗನವಾಡಿ ಕಾರ್ಯಕರ್ತೆಯರಲ್ಲಿ ನನ್ನ ವಿನಂತಿ ಒಂದೇ. ಮುಂದಿನ ಹುಟ್ಟುಹಬ್ಬದ ದಿನ ಮಗುವನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ಹಿಮ್ಮಡಿ ಗೋಡೆಗೆ ತಾಗಿರಲಿ, ನೆತ್ತಿಯ ಮೇಲೆ ಒಂದು ಪುಸ್ತಕ ಇಟ್ಟು ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು ಬರೆಯಿರಿ. ಮರುವರ್ಷ ಅದೇ ದಿನ ಮತ್ತೆ ಅಳೆಯಿರಿ. ಐದು ವರ್ಷ ದಾಟಿದ, ಇನ್ನೂ ಮೈನೆರೆಯದ ಮಗು ವರ್ಷಕ್ಕೆ 5ರಿಂದ 6 ಸೆಂಟಿಮೀಟರ್ ಬೆಳೆಯಬೇಕು. ನಾಲ್ಕಕ್ಕಿಂತ ಕಡಿಮೆ ಬಂದರೆ ಆ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಮಕ್ಕಳ ವೈದ್ಯರ ಬಳಿ ಹೋಗಿ. ಹತ್ತನೇ ಕ್ಲಾಸಿನವರೆಗೆ ಕಾಯಬೇಡಿ. ಎಲುಬಿನ ತುದಿಗಳು ಕೂಡಿಕೊಂಡ ಮೇಲೆ ಈ ಹಾರ್ಮೋನಿನಿಂದ ಒಂದು ಮಿಲಿಮೀಟರ್ ಎತ್ತರವೂ ಬರುವುದಿಲ್ಲ.